ಸಣ್ಣ ನಿಲ್ದಾಣಗಳ ಚರಿತ್ರೆ: ಶಹಾಡಿನಿಂದ ಒಂದು ಅವಲೋಕನ

1

ಚರಿತ್ರೆಯನ್ನು ಅರಸಿ ಹೊರಡುವ ಕನ್ನಡಿಗನು ಹಂಪೆಗೆ ಹೋಗುತ್ತಾನೆ, ಬಾದಾಮಿಗೆ ಹೋಗುತ್ತಾನೆ. ಮುಂಬಯಿಯಲ್ಲಿ ನೆಲಸಿದವನಾದರೆ ರಜೆಯ ದಿನ ಘಾರಾಪುರಿಯ ಗುಹೆಗಳನ್ನೋ ಕಾನ್ಹೇರಿಯ ಶಾಸನಗಳನ್ನೋ ನೋಡಿಬರುತ್ತಾನೆ. ತಾನು ಪ್ರತಿದಿನವೂ ಹತ್ತಿ ಇಳಿಯುವ ರೈಲ್ವೆ ನಿಲ್ದಾಣವೂ ಚರಿತ್ರೆಯ ಒಂದು ಆಕರವೆಂಬ ಭಾವನೆ ಅವನಿಗೆ ಬರುವುದು ಅಪರೂಪ. ನಿಲ್ದಾಣವೆಂದರೆ ಬೇಗನೆ ಬಿಟ್ಟುಹೋಗಬೇಕಾದ ಸ್ಥಳ. ಅಲ್ಲಿ ಸುಮ್ಮನೆ ನಿಂತು ನೋಡುವವನು ಗಾಡಿ ತಪ್ಪಿಸಿಕೊಂಡವನೇ ಆಗಿರಬೇಕೆಂದು ಜನರ ಎಣಿಕೆ. ಆದರೆ ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವನಿಗೆ ತಾಮ್ರಪಟಗಳು ಹೆಚ್ಚು ನೆರವಾಗಲಾರವು. ನಮ್ಮ ಹಿರಿಯರಲ್ಲಿ ಬಹುಮಂದಿ ಇಲ್ಲಿಗೆ ಬಂದುದು ದಾನಶಾಸನವನ್ನು ಹಿಡಿದಲ್ಲ, ಮೂರನೆಯ ತರಗತಿಯ ಟಿಕೇಟನ್ನು ಹಿಡಿದು. ಅವರ ಆಗಮನದ ಕುರುಹುಗಳನ್ನು ಹುಡುಕಬೇಕಾದುದು ಕೋಟೆಗಳಲ್ಲಲ್ಲ. ಹಳಿಗಳ ಬದಿಯಲ್ಲಿ, ಸಣ್ಣ ಸಣ್ಣ ನಿಲ್ದಾಣಗಳ ಕಲ್ಲುಗೋಡೆಗಳಲ್ಲಿ.

ಈ ಮಾತನ್ನು ಪರೀಕ್ಷಿಸಲು ಶಹಾಡ್ ನಿಲ್ದಾಣವು ತಕ್ಕ ಸ್ಥಳವೆಂದು ನನಗೆ ತೋರುತ್ತದೆ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಕಲ್ಯಾಣಕ್ಕೆ ಸುಮಾರು 54 ಕಿಲೋಮೀಟರು. ಅಲ್ಲಿಂದ ಈಶಾನ್ಯಕ್ಕೆ ತಿರುಗಿ ಮೂರು ಕಿಲೋಮೀಟರು ಹೋದರೆ ಶಹಾಡ್. ಒಂದು ಮಗ್ಗುಲಲ್ಲಿ ಉಲ್ಹಾಸನಗರ. ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಶಿಬಿರದ ಜಾಗದಲ್ಲಿ, ದೇಶವಿಭಜನೆಯ ತರುವಾಯ ಬಂದ ಸಿಂಧಿ ನಿರಾಶ್ರಿತರಿಂದ ಬೆಳೆದು 1949ರಲ್ಲಿ ಹೆಸರು ಪಡೆದ ಊರು ಅದು. ನಿಲ್ದಾಣಕ್ಕೆ ಸಮೀಪದಲ್ಲಿ 1956ರಲ್ಲಿ ಆರಂಭವಾದ ಸೆಂಚುರಿ ರೇಯಾನ್ ಕಾರ್ಖಾನೆ. ಬಿರ್ಲಾ ಮಂದಿರವೆಂದೇ ಜನ ಕರೆಯುವ ವಿಠ್ಠಲನ ಗುಡಿ. ಮುಂದೆ ಅಂಬಿವಲಿಯ ಕಡೆಗೆ ಹೊರಟರೆ ಉಲ್ಹಾಸ ನದಿಯ ಸೇತುವೆ. ಕಾರ್ಖಾನೆಗಾಗಿ ಬಂದವರು, ಮನೆಬಾಡಿಗೆ ಅಗ್ಗವೆಂದು ಬಂದವರು, ನಿರಾಶ್ರಿತರಾಗಿ ಬಂದವರು ಎಲ್ಲರೂ ಇಲ್ಲಿ ಒಂದೇ ಗಾಡಿಗೆ ಕಾಯುತ್ತಾರೆ. ಹೊರಗಿನಿಂದ ಬಂದವರ ಊರು ಇದು. ಆದ್ದರಿಂದಲೇ ವಲಸೆಯ ಚರಿತ್ರೆಯನ್ನು ಯೋಚಿಸಲು ಒಳ್ಳೆಯ ಊರು.

ಮೊದಲಿಗೇ ಒಂದು ಭ್ರಮೆಯನ್ನು ನಿವಾರಿಸಬೇಕು. ಕಲ್ಯಾಣವೆಂದೊಡನೆ ಕನ್ನಡಿಗನ ಮನಸ್ಸು ಚಾಳುಕ್ಯರ ರಾಜಧಾನಿಗೆ, ಬಸವಣ್ಣನವರ ಅನುಭವಮಂಟಪಕ್ಕೆ ಹಾರುತ್ತದೆ. ಇದು ಆ ಕಲ್ಯಾಣವಲ್ಲ. ಕೊಂಕಣದ ಪ್ರಾಚೀನ ಬಂದರು. ಆದರೂ ನಮಗೆ ಇದು ತೀರ ಪರಕೀಯವೂ ಅಲ್ಲ. ಈ ಸೀಮೆಯನ್ನಾಳಿದ ಉತ್ತರ ಕೊಂಕಣದ ಶಿಲಾಹಾರರು ಮೊದಲು ರಾಷ್ಟ್ರಕೂಟರ ಸಾಮಂತರು. ಅವರ ಕಾಲದ, 1060ರ ಶಾಸನವುಳ್ಳ ಅಂಬರನಾಥದ ಶಿವಾಲಯ ಕಲ್ಯಾಣದಿಂದ ಆಗ್ನೇಯಕ್ಕೆ ಹೋಗುವ ರೈಲುಮಾರ್ಗದ ಬದಿಯಲ್ಲೇ ಇದೆ. ಒಂಬೈನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಗುಡಿಯನ್ನು ನೋಡಲು ಹೋಗುವವರು, ಅಲ್ಲಿಗೆ ತಮ್ಮನ್ನು ಕೊಂಡೊಯ್ದ ಹಳಿಗೂ ನೂರೆಪ್ಪತ್ತು ವರ್ಷಗಳ ಹತ್ತಿರ ವಯಸ್ಸಾಗಿದೆಯೆಂಬುದನ್ನು ಗಮನಿಸುವುದಿಲ್ಲ.

2

ಬೋರಿಬಂದರಿನಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಹೊರಟ ಮೊದಲ ಪ್ರಯಾಣಿಕರ ಗಾಡಿಯ ವಿಷಯ ಎಲ್ಲರಿಗೂ ಗೊತ್ತು. ಸುಮಾರು 400 ಅತಿಥಿಗಳು, 14 ಡಬ್ಬಿಗಳು, ಮೂರು ಇಂಜಿನ್ನುಗಳು, 21 ಮೈಲಿಯ ದಾರಿ. ಶಾಲೆಯ ಪುಸ್ತಕಗಳು ಇಷ್ಟಕ್ಕೆ ನಿಲ್ಲುತ್ತವೆ. ಆದರೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಗೆ ಠಾಣೆ ಗುರಿಯಾಗಿರಲಿಲ್ಲ. ಸಹ್ಯಾದ್ರಿಯ ಆಚೆಗಿನ ಹತ್ತಿ, ಧಾನ್ಯಗಳು ಮುಂಬಯಿ ಬಂದರಿಗೆ ಇಳಿದುಬರಬೇಕಾಗಿತ್ತು. ಠಾಣೆಯ ಖಾಡಿಯನ್ನು ಸೇತುವೆಯಿಂದಲೂ ಪಾರಸಿಕ ಗುಡ್ಡದ ಅಂಚನ್ನು ಸುರಂಗಗಳಿಂದಲೂ ದಾಟಿ 1854ರ ಮೇ 1ರಂದು ಹಳಿ ಕಲ್ಯಾಣವನ್ನು ಮುಟ್ಟಿತು. ಅಲ್ಲಿ ದಾರಿ ಕವಲೊಡೆಯಿತು. ಒಂದು ಕವಲು ಈಶಾನ್ಯಕ್ಕೆ ಥಳಘಾಟಿನ ಕಡೆಗೆ. ಇನ್ನೊಂದು ಆಗ್ನೇಯಕ್ಕೆ ಭೋರಘಾಟಿನ ಕಡೆಗೆ.

ಈಶಾನ್ಯದ ಕವಲು 1855ರ ಅಕ್ಟೋಬರ್ 1ರಂದು ವಾಸಿಂದದವರೆಗೆ ತೆರೆಯಿತು. ಇಂದು ಶಹಾಡಿನಲ್ಲಿ ನಾವು ನಿಂತು ನೋಡುವ ದಾರಿ ಇದೇ. ಆಗ್ನೇಯದ ಕವಲು 1856ರ ಮೇ ತಿಂಗಳಲ್ಲಿ ಖೋಪೋಲಿಯವರೆಗೆ ತೆರೆಯಿತು. ಎರಡೂ ಘಟ್ಟದ ಬುಡಕ್ಕೆ ಬಂದು ನಿಂತುವು. ವಾಸಿಂದದಿಂದ ಮುಂದೆ ಗಾಡಿ ಹೋದುದು 1860ರಲ್ಲಿ. ಕಸಾರೆಯನ್ನು ಮುಟ್ಟಿದುದು 1861ರಲ್ಲಿ. ಖೋಪೋಲಿಯಲ್ಲಿ ಇಳಿದವನು ಘಟ್ಟದ ರಸ್ತೆಯನ್ನು ಹತ್ತಬೇಕಾಗಿತ್ತು. 1858ರಿಂದ ಅವನಿಗೆ ಖಂಡಾಳದಲ್ಲಿ ಪುಣೆಯ ಗಾಡಿ ದೊರೆಯುತ್ತಿತ್ತು. ನಡುವಣ ಏರನ್ನು ಕಾಲ್ನಡಿಗೆಯಲ್ಲೋ ಕುದುರೆಯ ಮೇಲೋ ಪಲ್ಲಕ್ಕಿಯಲ್ಲೋ ಕ್ರಮಿಸಬೇಕಾದ ಸ್ಥಿತಿ ಐದು ವರ್ಷ ಉಳಿಯಿತು.

ಇಂದು ವಾಸಿಂದ, ಖೋಪೋಲಿ ಎಂದರೆ ಲೋಕಲ್ ಗಾಡಿಗಳ ಫಲಕದ ಮೇಲಿನ ಸಣ್ಣ ಹೆಸರುಗಳು. ಒಂದು ಕಾಲಕ್ಕೆ ಅವು ದಾರಿಯ ಕೊನೆಗಳಾಗಿದ್ದುವು. ಅಲ್ಲಿಂದ ಮುಂದೆ ಎತ್ತಿನ ಗಾಡಿಯ ರಾಜ್ಯ ಮೊದಲಾಗುತ್ತಿತ್ತು. ಭೋರಘಾಟಿನ ಏರನ್ನು ಮುಂದೆ ಪಳಸದರಿಯಿಂದ ಬೇರೆ ಮುಖವಾಗಿ ಕೊಂಡೊಯ್ದುದರಿಂದ ಖೋಪೋಲಿ ಇಂದಿಗೂ ಕವಲುದಾರಿಯ ಕೊನೆಯಾಗಿಯೇ ಉಳಿದಿದೆ. 1856ರ ಒಂದು ನಿಶ್ಚಯವು ಈ ಕೊನೆಯ ನಿಲ್ದಾಣದ ರೂಪದಲ್ಲಿ ಇನ್ನೂ ಕಣ್ಣಿಗೆ ಕಾಣುತ್ತಿದೆ.

ಭೋರಘಾಟಿನ ಏರು ಸುಮಾರು 16 ಮೈಲಿಗಳಲ್ಲಿ 1,831 ಅಡಿ, ಸುರಂಗಗಳು 25. ಥಳಘಾಟಿನದು ಒಂಬತ್ತು ಮೈಲಿಗೂ ಮಿಕ್ಕ ದಾರಿಯಲ್ಲಿ 972 ಅಡಿ. ಎರಡರಲ್ಲಿಯೂ ಅತಿ ಕಡಿದಾದೆಡೆ 37 ಅಡಿಗೆ ಒಂದು ಅಡಿಯ ಏರು. ಜೇಮ್ಸ್ ಬರ್ಕ್ಲಿ ಎಂಬ ಮುಖ್ಯ ಇಂಜಿನಿಯರನ ಯೋಜನೆ ಅದು. ಭೋರಘಾಟಿನ ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಇಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವನ ಪತ್ನಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆಯ ಹೊಣೆ ಹೊತ್ತು ಕೆಲಸವನ್ನು ಪೂರೈಸಿದಳು. 1861ರ ಆರಂಭದಲ್ಲಿ ಆ ಒಂದು ಘಟ್ಟದಲ್ಲಿ ದುಡಿಯುತ್ತಿದ್ದವರ ಸಂಖ್ಯೆ ನಲವತ್ತು ಸಾವಿರವನ್ನು ಮೀರಿತ್ತು. ಅವರ ಹೆಸರುಗಳನ್ನು ಯಾವ ಕಲ್ಲೂ ಹೊತ್ತಿಲ್ಲ. ಭೋರಘಾಟು 1863ರಲ್ಲಿ, ಥಳಘಾಟು 1865ರಲ್ಲಿ ತೆರೆದುವು. ಮುಂಬಯಿಗೆ ಒಳನಾಡಿನ ಬಾಗಿಲು ತೆರೆಯಿತು.

3

ಶಹಾಡಿನ ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಕುಳಿತೋ, ಮುರಬಾಡಿನ ಕಡೆಗೆ ಹೋಗುವ ರಸ್ತೆಯ ಮೇಲುಸೇತುವೆಯಲ್ಲಿ ನಿಂತೋ ಗಾಡಿಗಳನ್ನು ನೋಡುವವನಿಗೆ ಈ ಭೂಗೋಳವೆಲ್ಲ ಗಾಡಿಗಳ ನಡೆಯಲ್ಲೇ ತಿಳಿಯುತ್ತದೆ. ಕಸಾರೆಗೆ ಹೊರಟ ಲೋಕಲ್ ನಿಲ್ಲುತ್ತದೆ. ನಾಶಿಕ, ಭುಸಾವಳ, ಕಾಶಿ, ಹೌರಾಗಳಿಗೆ ಹೊರಟ ದೂರದ ಗಾಡಿಗಳು ಕಲ್ಯಾಣವನ್ನು ಬಿಟ್ಟು ಆಗತಾನೇ ವೇಗ ಹಿಡಿಯುತ್ತಿರುತ್ತವೆ. ಶಹಾಡನ್ನು ಲಕ್ಷಿಸದೆ ಧೂಳೆಬ್ಬಿಸಿ ಹೋಗುತ್ತವೆ. ಉದ್ದನೆಯ ಗೂಡ್ಸುಗಾಡಿ ದಾರಿ ತೆರವಾಗಲೆಂದು ಕಾದು ನಿಧಾನವಾಗಿ ಸಾಗುತ್ತದೆ. ಮುಂದೆ ಕಸಾರೆಯಲ್ಲಿ ಅದರ ಬೆನ್ನಿಗೆ ತಳ್ಳುವ ಇಂಜಿನ್ನುಗಳು ಕೂಡಿಕೊಳ್ಳಬೇಕು. ಬ್ಯಾಂಕರ್ ಎಂದು ರೈಲ್ವೆಯವರು ಕರೆಯುವ ಈ ಇಂಜಿನ್ನುಗಳಿಲ್ಲದೆ ಥಳಘಾಟನ್ನು ಹತ್ತಲಾಗದು. ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಇಂಜಿನ್ನು ಬದಲಾಯಿತು, ಏರು ಬದಲಾಗಲಿಲ್ಲ.

ಇಂಜಿನ್ನು ಬದಲಾದ ಕಥೆಗೂ ಈ ನೆರೆಯೇ ರಂಗಸ್ಥಳ. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೋರಿಬಂದರದ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲೆಗೆ ಓಡಿತು. ಘಟ್ಟಗಳ ಏರಿಗೆ ಉಗಿಯ ಇಂಜಿನ್ನು ಸಾಲದೆಂಬುದೇ ಮುಂದಿನ ಹೆಜ್ಜೆಗೆ ಮುಖ್ಯ ಕಾರಣ. ಭೋರಘಾಟಿನಲ್ಲಿ ಗಾಡಿಯನ್ನು ಹಿಂದುಮುಂದಾಗಿ ತಿರುಗಿಸಿ ಹತ್ತಿಸುತ್ತಿದ್ದ ಹಳೆಯ ತಿರುವು ನಿಲ್ದಾಣವನ್ನು 1929ರಲ್ಲಿ ಹೊಸ ದಾರಿ ಹಾಕಿ ಕೈಬಿಡಲಾಯಿತು. ಕಲ್ಯಾಣದಲ್ಲಿ 1928ರಲ್ಲಿ ವಿದ್ಯುತ್ ಇಂಜಿನ್ನುಗಳ ಶೆಡ್ಡು ಏರ್ಪಟ್ಟಿತು. ಠಾಕುರ್ಲಿಯ ಬಳಿ ಚೋಳೆಯಲ್ಲಿ ರೈಲ್ವೆಯೇ ತನ್ನ ವಿದ್ಯುತ್ತನ್ನು ಉತ್ಪಾದಿಸಿಕೊಂಡಿತು. ಆ ಕೇಂದ್ರವು ಈಗ ಕೆಲಸ ನಿಲ್ಲಿಸಿದೆ.

ಆ ಕಾಲದ ಗೂಡ್ಸು ಇಂಜಿನ್ನಿಗೆ ಇಲ್ಲಿಯ ಜನ ಖೇಕಡಾ ಎಂದು ಹೆಸರಿಟ್ಟರು. ಮರಾಠಿಯಲ್ಲಿ ಏಡಿ ಎಂದರ್ಥ. ನಿಂತಾಗ ಅದು ನರಳುವಂತೆ ಶಬ್ದಮಾಡುತ್ತಿತ್ತು, ಓಡುವಾಗ ಅದರ ಚಕ್ರಗಳ ಸಲಾಕೆಗಳಿಂದ ವಿಚಿತ್ರವಾದ ಸುಯ್ಯೆಂಬ ಶಬ್ದ ಬರುತ್ತಿತ್ತು. ಆ ಜಾತಿಯ ಸರ್ ಲೆಸ್ಲಿ ವಿಲ್ಸನ್ ಎಂಬ ಇಂಜಿನ್ನು ಈಗ ದಿಲ್ಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. 1925ರಲ್ಲಿ ಮೊದಲ ವಿದ್ಯುತ್ ಗಾಡಿಗೆ ಚಾಲನೆ ಕೊಟ್ಟ ಗವರ್ನರನ ಹೆಸರು ಅದು. ಮುಂಬಯಿಯ 1,500 ವೋಲ್ಟಿನ ಡಿ.ಸಿ. ವಿದ್ಯುತ್ತನ್ನು ಹಂತಹಂತವಾಗಿ ತೆಗೆದು 2015-16ರ ಹೊತ್ತಿಗೆ 25,000 ವೋಲ್ಟಿನ ಎ.ಸಿ. ವಿದ್ಯುತ್ತನ್ನು ಹರಿಯಿಸಲಾಯಿತು. ನಡುವಣ ಕಾಲದಲ್ಲಿ ಎರಡು ಬಗೆಯ ವಿದ್ಯುತ್ತನ್ನೂ ಬಳಸಬಲ್ಲ ಇಂಜಿನ್ನುಗಳು ಬೇಕಾದುವು. 1997-98ರಲ್ಲಿ ತಯಾರಾದ ಅಂಥ ಇಂಜಿನ್ನುಗಳಿಗೂ ಕಲ್ಯಾಣದ ಶೆಡ್ಡೇ ಮನೆಯಾಯಿತು. ದಿಲ್ಲಿಗೆ ಹೋಗಿ ಸಂಗ್ರಹಾಲಯದಲ್ಲಿ ಒಂದು ಇಂಜಿನ್ನನ್ನು ನೋಡುವುದು ಒಂದು ಬಗೆ. ಅದು ಯಾವ ಏರಿಗಾಗಿ ಹುಟ್ಟಿತೋ ಆ ದಾರಿಯ ಬದಿಯಲ್ಲಿ ನಿಂತು ಅದರ ವಂಶದವನ್ನು ನೋಡುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಶಹಾಡಿನವರು ಮೂರು ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬೇಕಾಗಿಲ್ಲ.

4

ಇನ್ನು ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಕನ್ನಡನಾಡಿಗೆ ಹೋಗುವ ಗಾಡಿಗಳಲ್ಲಿ ಹೆಚ್ಚಿನವು ಶಹಾಡಿಗೆ ಬರುವುದೇ ಇಲ್ಲ. ಕಲ್ಯಾಣದಲ್ಲೇ ಆಗ್ನೇಯಕ್ಕೆ ತಿರುಗಿ ಭೋರಘಾಟಿನ ದಾರಿ ಹಿಡಿಯುತ್ತವೆ. ಆ ದಾರಿಯ ಮುಂದುವರಿಕೆಯ ತಾರೀಖುಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ನಮ್ಮ ವಲಸೆಯ ಪಂಚಾಂಗವೊಂದು ಸಿದ್ಧವಾಗುತ್ತದೆ.

ರೈಲು ಸೊಲ್ಲಾಪುರವನ್ನು ಮುಟ್ಟಿದುದು 1860ರಲ್ಲಿ. ಕಲಬುರಗಿಯನ್ನು ಹಾದು ರಾಯಚೂರಿನಲ್ಲಿ ಮದರಾಸು ರೈಲ್ವೆಯನ್ನು ಕೂಡಿದುದು 1871ರಲ್ಲಿ. ಅಂದಿನಿಂದ ನಿಜಾಮರ ಸೀಮೆಯ ಕನ್ನಡಿಗನು ತನ್ನೂರ ಬಳಿ ಹತ್ತಿದ ಗಾಡಿಯ ಹಳಿಯಲ್ಲೇ ಮುಂಬಯಿಯನ್ನು ಮುಟ್ಟಬಹುದಾಗಿತ್ತು. ಬಿಜಾಪುರ, ಬಾಗಲಕೋಟೆ, ಗದಗಿನವರಿಗೆ ಈ ಭಾಗ್ಯ ತಡವಾಗಿ ಬಂತು, ಅದೂ ದುರ್ಭಿಕ್ಷದ ದೆಸೆಯಿಂದ. 1876-78ರ ಭೀಕರ ಬರದಲ್ಲಿ ಧಾನ್ಯವನ್ನು ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಮೇಲೆ, ಬರನಿವಾರಣೆಯ ಉದ್ದೇಶದಿಂದ ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಸ್ಥಾಪಿತವಾಯಿತು. 1884ರ ಸುಮಾರಿಗೆ ಹೊಟಗಿಯಿಂದ ಬಿಜಾಪುರದ ಮಾರ್ಗವಾಗಿ ಗದಗಿನ ಕಡೆಗೆ ಹಳಿ ಬಿದ್ದಿತು. ಕಾಳನ್ನು ಒಳಗೆ ತರಲೆಂದು ಹಾಕಿದ ಹಳಿಯ ಮೇಲೆ ಆಳುಗಳು ಹೊರಗೆ ಹೋಗತೊಡಗಿದರು. ಬೆಳಗಾವಿ, ಧಾರವಾಡಗಳ ಕಡೆಗೆ ಪುಣೆಯಿಂದ ಲೋಂಡಾದ ದಾರಿ 1890ರ ಹೊತ್ತಿಗೆ ಪೂರ್ಣವಾಯಿತು. ಅದೇ 1890ರ ಜುಲೈಯಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಒಂದು ಇನ್ನೊಂದಕ್ಕೆ ಕಾರಣವೆಂದು ನಾನು ಹೇಳುವುದಿಲ್ಲ. ಮುಂಬಯಿ ಇಲಾಖೆಯ ಮೂಲೆಯಲ್ಲಿದ್ದ ಧಾರವಾಡಕ್ಕೆ ರಾಜಧಾನಿ ಹತ್ತಿರವಾದ ಕಾಲವೇ ಅದಕ್ಕೆ ತನ್ನ ನುಡಿಯ ಚಿಂತೆ ಹತ್ತಿದ ಕಾಲವೂ ಆಗಿತ್ತೆಂಬುದನ್ನು ಮಾತ್ರ ತೋರಿಸುತ್ತೇನೆ.

ಆದರೆ ಈ ಹೊಸ ಕಂಪನಿಯ ಹಳಿಗಳು ಮೀಟರ್ ಗೇಜಿನವು. ಮುಂಬಯಿಯವು ಐದೂವರೆ ಅಡಿಯ ಬ್ರಾಡ್‌ಗೇಜು. ಆದ್ದರಿಂದ ಧಾರವಾಡದವನು ಪುಣೆಯಲ್ಲಿಯೂ ಬಿಜಾಪುರದವನು ಹೊಟಗಿ-ಸೊಲ್ಲಾಪುರಗಳ ಕಡೆಯಲ್ಲಿಯೂ ಟ್ರಂಕು, ಹಾಸಿಗೆಸುರುಳಿ, ಬುತ್ತಿಗಂಟುಗಳೊಡನೆ ಇಳಿದು ಗಾಡಿ ಬದಲಿಸಬೇಕಾಗಿತ್ತು. ಪುಣೆಯಿಂದ ಮೀರಜದವರೆಗೆ ಬ್ರಾಡ್‌ಗೇಜು ಬಂದುದು 1970ರ ದಶಕದ ಮೊದಲಲ್ಲಿ; ಆಮೇಲೆ ಗಾಡಿ ಬದಲಿಸುವ ಸಂಕಟ ಮೀರಜಕ್ಕೆ ವರ್ಗವಾಯಿತು. ಅದರಾಚೆಗಿನ ದಾರಿ ಅಗಲವಾಗಲು 1990ರ ದಶಕ ಬರಬೇಕಾಯಿತು. ಹೊಟಗಿ-ಗದಗು ದಾರಿಗೆ ಈ ಶತಮಾನವೇ ಬರಬೇಕಾಯಿತು.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಅದು ನ್ಯಾಯವಾದ ಆಕ್ಷೇಪ. ಮುಂಬಯಿ ಕನ್ನಡಿಗರಲ್ಲಿ ಎದ್ದು ಕಾಣುವ ದಕ್ಷಿಣ ಕನ್ನಡದವರು ರೈಲಿನ ಹಂಗಿಲ್ಲದೆಯೇ ಬಂದರಲ್ಲವೆ? ನಿಜ. ಅವರು ಹಡಗಿನಲ್ಲಿ ಬಂದರು, ಆಮೇಲೆ ಬಸ್ಸಿನಲ್ಲಿ ಬಂದರು. ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದುದು 1998ರ ಜನವರಿಯಲ್ಲಿ. ಅದಕ್ಕೆ ಎಷ್ಟೋ ಮೊದಲೇ ಉಡುಪಿಯ ಕಡೆಯವರ ಖಾನಾವಳಿಗಳು, ರಾತ್ರಿಶಾಲೆಗಳು, ಯಕ್ಷಗಾನ ಮಂಡಳಿಗಳು ಈ ನಗರದಲ್ಲಿ ಬೇರುಬಿಟ್ಟಿದ್ದುವು. ಹಾಗಾದರೆ ರೈಲಿನ ತಾರೀಖುಗಳಿಗೆ ಅರ್ಥವೇನು?

ನನ್ನ ಉತ್ತರ ಇದು: ಬರಬೇಕಾದವನು ಹೇಗಾದರೂ ಬರುತ್ತಾನೆ. ಹಸಿವಿಗೆ, ಆಸೆಗೆ ಹಳಿಯ ಅಗತ್ಯವಿಲ್ಲ. ಹಳಿ ತೀರ್ಮಾನಿಸುವುದು ಯಾರು ಬಂದರೆಂಬುದನ್ನಲ್ಲ, ಬಂದವರು ಎಷ್ಟು ಸಲ ಊರಿಗೆ ಹಿಂದಿರುಗಬಲ್ಲರೆಂಬುದನ್ನು. ಜಾತ್ರೆಗೆ, ಬಿತ್ತನೆಗೆ, ಹೆರಿಗೆಗೆ, ಸಾವಿಗೆ ಊರು ಮುಟ್ಟಬಲ್ಲವನು ವಲಸೆ ಬಂದರೂ ಊರಿನವನೇ. ಮುಟ್ಟಲಾರದವನು ಮನಸ್ಸಿನಲ್ಲಿ ಒಂದು ಊರನ್ನು ಕಟ್ಟಿಕೊಳ್ಳುತ್ತಾನೆ, ಸಂಘ ಕಟ್ಟುತ್ತಾನೆ, ಮೇಳ ಕಟ್ಟುತ್ತಾನೆ. ಕರಾವಳಿಯವರು ಇಲ್ಲಿ ಅಷ್ಟೊಂದು ಸಂಸ್ಥೆಗಳನ್ನು ಬೆಳೆಸಿದುದಕ್ಕೂ ಊರಿಗೆ ಹಿಂದಿರುಗುವ ದಾರಿ ಅವರಿಗೆ ದೀರ್ಘಕಾಲ ಕಷ್ಟವಾಗಿಯೇ ಇದ್ದುದಕ್ಕೂ ಸಂಬಂಧವಿರಬಹುದೆ? ಇದನ್ನು ಸಿದ್ಧಾಂತವೆಂದು ನಾನು ಮಂಡಿಸುತ್ತಿಲ್ಲ. ಪರಿಶೀಲನೆಗೆ ಯೋಗ್ಯವಾದ ಪ್ರಶ್ನೆಯೆಂದು ಮುಂದಿಡುತ್ತಿದ್ದೇನೆ.

ಶಹಾಡಿನಲ್ಲಿಯೇ ಇದಕ್ಕೊಂದು ಚಿತ್ರವಿದೆ. ದಿಲ್ಲಿಯ ಹಜರತ್ ನಿಜಾಮುದ್ದೀನಿನಿಂದ ಎರ್ನಾಕುಳಕ್ಕೆ ಹೋಗುವ ಮಂಗಲಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಥಳಘಾಟನ್ನು ಇಳಿದು, ಶಹಾಡನ್ನು ಹಾದು, ಕಲ್ಯಾಣ, ಪನವೇಲುಗಳ ಮಾರ್ಗವಾಗಿ ಕೊಂಕಣದ ಹಳಿಯನ್ನು ಹಿಡಿಯುತ್ತದೆ; ಕಾರವಾರ, ಉಡುಪಿ, ಮಂಗಳೂರುಗಳಿಗೆ ಹೋಗುತ್ತದೆ. ಶಹಾಡಿನಲ್ಲಿ ಅದು ನಿಲ್ಲುವುದಿಲ್ಲ. ಆದರೂ ಕರಾವಳಿಯ ಹೆಸರು ಹೊತ್ತ ಗಾಡಿಯೊಂದು, 1855ರಲ್ಲಿ ಕಾಶಿಯ ಕಡೆಗೆ ಮುಖಮಾಡಿ ಹಾಕಿದ ಹಳಿಯ ಮೇಲೆ, ಮನೆಯ ಕಡೆಗೆ ಓಡುವುದನ್ನು ಒಂದು ಕ್ಷಣ ನೋಡಲು ಇಲ್ಲಿ ಸಾಧ್ಯ.

5

ಇದನ್ನೆಲ್ಲ ಈಗಲೇ ಬರೆಯಬೇಕಾದ ಕಾರಣವಿದೆ. 2025ರ ಮೇ 22ರಂದು ರಾಜಸ್ಥಾನದ ಬಿಕಾನೇರ ಜಿಲ್ಲೆಯಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಮಂತ್ರಿಗಳು ಅಮೃತ್ ಭಾರತ್ ಯೋಜನೆಯಡಿ ನವೀಕೃತವಾದ 103 ನಿಲ್ದಾಣಗಳನ್ನು ಒಮ್ಮೆಗೇ ಉದ್ಘಾಟಿಸಿದರು. ಆ ಪಟ್ಟಿಯಲ್ಲಿ ಮಹಾರಾಷ್ಟ್ರದ ಹೆಸರುಗಳ ನಡುವೆ ಶಹಾಡ್ ಇತ್ತು. ಕರ್ನಾಟಕದ ಹೆಸರುಗಳು ಐದು: ಬಾಗಲಕೋಟೆ, ಗದಗು, ಗೋಕಾಕ ರೋಡ್, ಧಾರವಾಡ, ಮುನಿರಾಬಾದು. ಮೇಲೆ ಹೇಳಿದ ಬರದ ಹಳಿಯ ಊರುಗಳು, ಲೋಂಡಾದ ದಾರಿಯ ಊರುಗಳು, ಮತ್ತು ಅಲ್ಲಿಂದ ಹೊರಟವರಲ್ಲಿ ಕೆಲವರು ಬಂದು ನೆಲಸಿದ ಸೀಮೆಯ ನಿಲ್ದಾಣ, ಎಲ್ಲವೂ ಒಂದೇ ದಿನ ಒಂದೇ ಕಾಗದದ ಮೇಲೆ ಕೂಡಿದುವು. ಪಟ್ಟಿ ಮಾಡಿದವರಿಗೆ ಈ ನಂಟು ತಿಳಿದಿರಲಾರದು. ತಿಳಿಯಬೇಕಾದವರು ನಾವು.

ನವೀಕರಣವನ್ನು ನಾನು ಹಳಿಯುವುದಿಲ್ಲ. ಮಳೆಗಾಲದಲ್ಲಿ ಸೋರದ ಮಾಡು, ಮುದುಕರಿಗೆ ಲಿಫ್ಟು, ಹೆಂಗಸರಿಗೆ ಶುಚಿಯಾದ ಶೌಚಗೃಹ ಇವು ಚರಿತ್ರೆಗಿಂತ ಮೊದಲು ಬೇಕಾದುವು. ದಿನವೂ ನಿಂತು ಪ್ರಯಾಣಮಾಡುವವನ ಮುಂದೆ ಹಳೆಯ ಕಮಾನಿನ ಚೆಲುವನ್ನು ಹೊಗಳುವುದು ಸಭ್ಯತೆಯಲ್ಲ. ಆದರೆ ಕೆಡವುವುದಕ್ಕೆ ಮೊದಲು ಬರೆದಿಟ್ಟುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಹೆಚ್ಚಿನ ಖರ್ಚೂ ಇಲ್ಲ. ಗುಡಿಯ ಒಂದು ಕಂಬ ಮುರಿದರೆ ಪತ್ರಿಕೆಗೆ ಬರೆಯುವ ನಾವು, ನಮ್ಮ ಅಜ್ಜಂದಿರು ಇಳಿದ ಕಟ್ಟೆ ಮಾಯವಾದಾಗ ಅದನ್ನು ಗಮನಿಸುವುದೇ ಇಲ್ಲ.

ಆದ್ದರಿಂದ ನಮ್ಮ ಸಂಘಗಳ ಮುಂದೆ ಒಂದು ಸಣ್ಣ ಸೂಚನೆಯಿದೆ. ವರ್ಷಕ್ಕೊಮ್ಮೆ ನಡೆಯುವ ವಿಹಾರಯಾತ್ರೆಯನ್ನು ಒಂದು ಸಲ ಹಳಿಯ ಗುಂಟ ಮಾಡೋಣ. ಈಶಾನ್ಯದ ಕವಲಿನಲ್ಲಿ ಶಹಾಡ್, ಟಿಟವಾಳಾ, ವಾಸಿಂದ, ಕಸಾರಾ. ಆಗ್ನೇಯದಲ್ಲಿ ಅಂಬರನಾಥ, ಕರ್ಜತ, ಖೋಪೋಲಿ. ಪ್ಲಾಟ್‌ಫಾರಂ ಟಿಕೇಟಿಗೆ ಎರಡು ಗಂಟೆಗಳ ಅವಧಿಯಿದೆ; ಒಂದು ಸಣ್ಣ ನಿಲ್ದಾಣವನ್ನು ನೋಡಲು ಅಷ್ಟು ಸಾಕು. ಹಳಿಗೆ ಇಳಿಯಬಾರದು, ಸ್ಟೇಷನ್ ಮಾಸ್ತರರಿಗೆ ವಿಷಯ ತಿಳಿಸಿ ಅನುಮತಿ ಪಡೆಯಬೇಕು. ನೋಡಬೇಕಾದುದು ಬಹಳವಿದೆ: ಗೋಡೆಯ ಕಲ್ಲು ಸ್ಥಳೀಯವೋ ಹೊರಗಿನದೋ, ಮಾಡಿನ ಕಬ್ಬಿಣದ ಕಂಬಗಳ ಮೇಲೆ ಹೆಸರಿದೆಯೇ, ಹಳೆಯ ನೀರಿನ ತೊಟ್ಟಿ ಉಳಿದಿದೆಯೇ. ಸವೆದ ಹಳಿಗಳನ್ನು ಬೇಲಿಗೂ ಕಂಬಕ್ಕೂ ಬಳಸುವುದು ರೈಲ್ವೆಯ ಹಳೆಯ ರೂಢಿ. ಅಂಥ ಹಳಿಯ ಮಗ್ಗುಲನ್ನು ಒರಸಿ ನೋಡಿದರೆ ತಯಾರಿಸಿದ ಕಾರ್ಖಾನೆಯ ಹೆಸರೂ ಇಸವಿಯೂ ಉಬ್ಬಕ್ಷರಗಳಲ್ಲಿ ಕಾಣುವುದುಂಟು. ಶಾಸನ ಓದಲು ಕಲಿತವರಿಗೆ ಇದು ಕಷ್ಟದ ಲಿಪಿಯಲ್ಲ.

ಇದರ ಜೊತೆಗೆ ಇನ್ನೊಂದು ಕೆಲಸ. ನಮ್ಮ ಮನೆಗಳಲ್ಲಿ ಎಂಬತ್ತು ದಾಟಿದ ಹಿರಿಯರಿದ್ದಾರೆ. ಯಾವ ವರ್ಷ ಹೊರಟರು, ಯಾವ ನಿಲ್ದಾಣದಲ್ಲಿ ಹತ್ತಿದರು, ಎಲ್ಲಿ ಗಾಡಿ ಬದಲಿಸಿದರು, ಇಳಿದಾಗ ಕರೆದೊಯ್ಯಲು ಯಾರು ಬಂದಿದ್ದರು, ಮತ್ತೆ ಊರಿಗೆ ಹೋದುದು ಎಷ್ಟು ವರ್ಷದ ಮೇಲೆ: ಈ ಐದು ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಅವರ ಮಾತಿನಲ್ಲಿಯೇ ಬರೆದಿಟ್ಟರೆ ಸಾಕು. ಹಳಿಯ ತಾರೀಖುಗಳು ಸರಕಾರದ ಕಡತಗಳಲ್ಲಿ ಉಳಿಯುತ್ತವೆ. ಈ ಉತ್ತರಗಳು ಬೇರೆಲ್ಲಿಯೂ ಉಳಿಯುವುದಿಲ್ಲ. ನಿಲ್ದಾಣವನ್ನು ಮತ್ತೆ ಕಟ್ಟಬಹುದು. ಅದರಲ್ಲಿ ಮೊದಲ ಸಲ ಇಳಿದವನ ನೆನಪನ್ನು ಅವನಿರುವಾಗಲೇ ಬರೆದುಕೊಳ್ಳಬೇಕು.